ಹಳದಿ ಗೆರೆ

ಸೆಪ್ಟೆಂಬರ್ 3, 2009, ಗುರುವಾರ

ನಮ್ಮ ಬಟವಾಡಿ ಬಡಾವಣೆಯ ಡಾಕ್ಟರು ತಾವು ಔಷಧಿ ಬರೆದುಕೊಡುವ ಬದಲು ನನ್ನನ್ನೇ ಬರೆಯಲು ಹೇಳಿದ್ದಾರೆ. ಒಂದು ಕಡೆ ಕೂರಲಾಗುವುದಿಲ್ಲ, ಕೂತರೂ ಕಾಲು ಅಲ್ಲಾಡುತ್ತಿರುತ್ತದೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ವಾಪಸ್ ಬಂದು ನೋಡುತ್ತೇನೆ, ಬಸ್ಸಿನಲ್ಲಿ ಊರೆಲ್ಲ ತೂಕಡಿಸಿದರೂ ನನಗೆ ರೆಪ್ಪೆ ಕೂಡುವುದಿಲ್ಲ ಎಂದೆಲ್ಲ ಹೇಳಿಕೊಂಡೆ. ಬಿ.ಪಿ. ನೋಡಿ, ತಲೆಯಲ್ಲಿ ಇರುವುದನ್ನು ಕಾಗದದ ಮೇಲೆ ಇಳಿಸಿಬಿಡಿ, ಯಾರಿಗೂ ತೋರಿಸಬೇಡಿ ಎಂದರು. ಸಿಮೆಂಟ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಮನೆಯಲ್ಲಿತ್ತು. ನನ್ನ ಯಜಮಾನರು ಅಂಜನಮೂರ್ತಿ ಜನವರಿ ಒಂದರಂದು ‘ಶುಭವಾಗಲಿ’ ಎಂದು ಬರೆದು ಅಲ್ಲಿಗೇ ಕೈಬಿಟ್ಟಿದ್ದರು. ಉಳಿದದ್ದೆಲ್ಲ ನನ್ನದು.

ತಲೆಯಲ್ಲಿ ಇರುವುದು ಕೆಲಸವೇ. ವಸಂತನರಸಾಪುರದ ನಮ್ಮ ಯಾರ್ಡಿನಲ್ಲಿ ಕೆಡವಿದ ಕಟ್ಟಡಗಳ ಕಾಂಕ್ರೀಟನ್ನು ಕ್ರಷರಿಗೆ ಹಾಕಿ ಮತ್ತೆ ಜಲ್ಲಿ ಮಾಡುತ್ತಾರೆ. ಆ ಜಲ್ಲಿ ಹೊಸ ಮನೆಗೆ ಯೋಗ್ಯವೋ ಅಲ್ಲವೋ ನೋಡುವುದಕ್ಕೆ ಬೆಂಗಳೂರಿನ ಸಂಸ್ಥೆಯವರು ಜೂನ್‌ನಲ್ಲಿ ಲೇಸರ್ ಯಂತ್ರವೊಂದನ್ನು ತಂದಿಟ್ಟಿದ್ದಾರೆ. ಅದು ಕಲ್ಲಿನ ಮೈಮೇಲೆ ಸೂಜಿಮೊನೆಯಷ್ಟು ಜಾಗಕ್ಕೆ ಬೆಳಕು ಹೊಡೆಯುತ್ತದೆ. ಪಟ್ ಎಂದು ಕಿಡಿ ಏಳುತ್ತದೆ. ಆ ಕಿಡಿಯ ಬಣ್ಣಗಳನ್ನು ಸೆನ್ಸರ್ ಬಿಡಿಸಿ ಕಂಪ್ಯೂಟರಿನಲ್ಲಿ ಗೆರೆಗಳಾಗಿ ತೋರಿಸುತ್ತದೆ. ಸುಣ್ಣಕ್ಕೊಂದು ಗೆರೆ, ಮರಳಿಗೊಂದು, ಜಿಪ್ಸಮ್ಮಿಗೊಂದು. ಯಾವ ಕಲ್ಲಿನಲ್ಲಿ ಏನಿದೆ ಎಂದು ಕೂತಲ್ಲೇ ತಿಳಿಯುತ್ತದೆ.

ನಿಜವಾಗಿ ಅದು ಬೆಲ್ಟಿನ ಮೇಲೆ ಕೂತು, ಕೆಳಗೆ ಹರಿಯುವ ಜಲ್ಲಿಯನ್ನೆಲ್ಲ ನೋಡಬೇಕಿತ್ತು. ಧೂಳಿಗೆ ಗಾಜು ಕುರುಡಾಗುತ್ತದೆಂದು ಎ.ಸಿ. ರೂಮಿನಲ್ಲಿ ಕೂರಿಸಿದ್ದೇವೆ, ಹೊಸ ಅಳಿಯನ ಹಾಗೆ. ಆದ್ದರಿಂದ ಕಲ್ಲೇ ಅದರ ಹತ್ತಿರ ಹೋಗಬೇಕು. ಪ್ರತಿ ಲೋಡಿನಿಂದ ಸ್ಯಾಂಪಲ್ ಆರಿಸಿ, ಚೀಲಕ್ಕೆ ತುಂಬಿ, ಚೀಟಿ ಕಟ್ಟಿ, ಸರದಿ ಬಂದಾಗ ಕಿಡಿ ಹೊಡೆಸುವುದು ನನ್ನ ಕೆಲಸ. ಸುಣ್ಣದ ಧೂಳಿಗೆ ಬೆರಳ ತುದಿಗಳು ಸದಾ ಒಡೆದಿರುತ್ತವೆ. ಯಂತ್ರದ ಜೊತೆ ಬಂದ ಬಟ್ಟೆಯ ಚೀಲಗಳು ಹೋದ ತಿಂಗಳು ಇಲಿ ಪಾಲಾದವು. ಇಂಜಿನಿಯರ್ ರುದ್ರಯ್ಯನವರು ಹೊಸದಕ್ಕೆ ಬೆಂಗಳೂರಿಗೆ ಬರೆದು ಬರೆದು ಸೋತರು. ನಾನು ಗುಬ್ಬಿ ಕಡೆಯ ಅಮ್ಮನ ಮನೆಯಿಂದ ಗಟ್ಟಿ ಪ್ಲಾಸ್ಟಿಕ್ ಚೀಲಗಳ ದೊಡ್ಡ ಕಟ್ಟನ್ನೇ ಬಸ್ಸಿನಲ್ಲಿ ತಂದೆ. ಇವತ್ತು ಬಂದಿದ್ದ ಸಂಸ್ಥೆಯವರ ಮುಂದೆ ರುದ್ರಯ್ಯನವರು, ಮಂಜುಳಮ್ಮನವರು ಇರೋದಕ್ಕೆ ಕೆಲಸ ನಿಂತಿಲ್ಲ ಎಂದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂದು ಮನೆಯಲ್ಲಿ ಇವರು ರೇಗಿಸಿದರು. ಮಾರ್ಚಿಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ, ಎತ್ತೆತ್ತಿ ಒಗೆಯದೆ ಇನ್ನೇನು ಮಾಡಲಿ.

ಸೆಪ್ಟೆಂಬರ್ 9, ಬುಧವಾರ

ಕೆಡವೋ ಸಾಬಿ ಬಂದಿದ್ದ. ದಸ್ತಗೀರ್ ಎಂದು ಹೆಸರು, ಯಾರ್ಡಿನಲ್ಲಿ ಎಲ್ಲರೂ ಕರೆಯುವುದು ಹೀಗೇ. ಕುಣಿಗಲ್ಲಿನವನು, ಅರವತ್ತು ದಾಟಿದೆ. ತುಮಕೂರಿನ ಹಳೇ ಕಟ್ಟಡ ಕೆಡವುವ ಕಂಟ್ರಾಕ್ಟು ಅವನದು, ನಮಗೆ ಅರ್ಧ ಮಾಲು ಅವನಿಂದ, ಇನ್ನರ್ಧ ಇನ್ನೊಬ್ಬ ಕಂಟ್ರಾಕ್ಟರ್ ಬೀರಯ್ಯನವರಿಂದ ಬರುತ್ತದೆ. ಬೀರಯ್ಯನವರ ಲೋಡು ಒಣಗಿರುತ್ತದೆ, ಇಳಿಸುವಾಗ ಧೂಳಿನಲ್ಲಿ ಮನುಷ್ಯರೇ ಕಾಣುವುದಿಲ್ಲ. ಸಾಬಿಯ ಲೋಡು ಯಾವಾಗಲೂ ತೊಯ್ದಿರುತ್ತದೆ. ಧೂಳು ಏಳಬಾರದೆಂದು ಕೆಡವುವಾಗಲೂ ತುಂಬುವಾಗಲೂ ನೀರು ಹೊಡೆಸುತ್ತಾನೆ, ಅಕ್ಕಪಕ್ಕದವರು ಬೈಯುತ್ತಾರಂತೆ.

ಬೀರಯ್ಯನವರಿಗೆ ಸ್ಟೀಲ್ ಲೋಟದಲ್ಲಿ ಟೀ ಕೊಟ್ಟೆ. ಸಾಬಿ ರಂಜಾನ್ ಉಪವಾಸ, ಬೇಡ ಎಂದ. ಅವನಿಗೆಂದು ತರಿಸಿಟ್ಟ ಪ್ಲಾಸ್ಟಿಕ್ ಲೋಟಗಳ ಕಟ್ಟು ಹಾಗೇ ಬಿದ್ದಿದೆ.

ಸ್ಯಾಂಪಲ್ ತುಂಬುತ್ತಿದ್ದರೆ ಪಕ್ಕದಲ್ಲಿ ನಿಂತು ತನ್ನ ಮನೆಯ ಕಥೆ ಹೇಳಿದ. ಹುಟ್ಟಿದಾಗಿನಿಂದ ಬಾಡಿಗೆ ಮನೆ. ಊರವರ ಮನೆಗಳನ್ನೆಲ್ಲ ಕೆಡವಿ ಈಗ ಕುಣಿಗಲ್ಲಿನಲ್ಲಿ ಸ್ವಂತದ್ದೊಂದು ಕಟ್ಟುತ್ತಿದ್ದಾನೆ. ಏಪ್ರಿಲ್‌ನಲ್ಲಿ ಸೂರಿಗೆ ಮೋಲ್ಡ್ ಹಾಕಿದ್ದು ನಮ್ಮ ಯಾರ್ಡಿನ ಜಲ್ಲಿಯಿಂದಲೇ, ಅವನೇ ಕೆಡವಿದ ಕಟ್ಟಡಗಳದ್ದು. ಮಗಳು ಶಾಹೀನ್‌ಗೆ ನವೆಂಬರಿನಲ್ಲಿ ಚೊಚ್ಚಲ ಹೆರಿಗೆ. ಬಾಣಂತನ ಸ್ವಂತ ಸೂರಿನ ಕೆಳಗೇ ಆಗಬೇಕೆಂದು ಕುಲ್ಸುಂ ಬೀ, ಅಂದರೆ ಹೆಂಡತಿ, ಹಠ ಹಿಡಿದಿದ್ದಾಳಂತೆ. ಎಲ್ಲರೂ ಹೊಸ ಜಲ್ಲಿ ಹಾಕುವಾಗ ನಿನಗೇಕೆ ಈ ಹಳೇದು ಎಂದು ಕೇಳಿದೆ.

‘ಬೇರೆಯವ್ರಿಗೆ ಹಾಕ್ಸಿ ಅಂತೀನಲ್ಲ ಮಂಜುಳಮ್ನೋರೆ, ಮೊದ್ಲು ನಾನು ಅದ್ರ ಕೆಳ್ಗೆ ಮಲಗ್ಬೇಕಲ್ವಾ’ ಎಂದ.

ಮಾತು ಜಾಸ್ತಿ. ಆದರೂ ಅಲ್ಲಿಯವರೆಗೆ ಮೂರು ಸಲ ಸುಮ್ಮಸುಮ್ಮನೆ ಬಾಗಿಲಿನವರೆಗೆ ಹೋಗಿ ಬಂದಿದ್ದ ನಾನು ಆ ಹೊತ್ತು ಒಂದೇ ಕಡೆ ನಿಂತು ಕೇಳಿದೆ.

ಸೆಪ್ಟೆಂಬರ್ 15, ಮಂಗಳವಾರ

ಇವತ್ತು ಸಾಬಿಯ ಸ್ಯಾಂಪಲ್ಲಿಗೆ ಕಿಡಿ ಹೊಡೆಸಿದಾಗ ಹಳದಿ ಜಾಗದಲ್ಲಿ ಗೆರೆ ನೆಟ್ಟಗೆ ಎದ್ದು ನಿಂತಿತು. ಅದು ಸೋಡಿಯಂ. ಸ್ವಲ್ಪ ಎಲ್ಲದರಲ್ಲೂ ಇರುತ್ತದೆ, ಇಷ್ಟಿರುವುದಿಲ್ಲ. ಇನ್ನೊಂದು ಕಲ್ಲು ಇಟ್ಟೆ, ಮತ್ತೊಂದು ಇಟ್ಟೆ, ಎಲ್ಲದರಲ್ಲೂ ಅದೇ. ರುದ್ರಯ್ಯನವರು ಅದೇ ಚೀಲದ ಕಲ್ಲು ಕುಟ್ಟಿ, ನೀರಿಗೆ ಹಾಕಿ, ಸಿಲ್ವರ್ ನೈಟ್ರೇಟ್ ತೊಟ್ಟು ಬಿಟ್ಟರು. ಒಡೆದ ಹಾಲಿನ ಹಾಗೆ ಬೆಳ್ಳಗಾಯಿತು. ಅನುಮಾನವೇ ಇಲ್ಲ, ಉಪ್ಪು.

ಕಾಂಕ್ರೀಟಿಗೆ ಉಪ್ಪು ಸೇರಿದರೆ ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಮೋಲ್ಡನ್ನು ಒಳಗಿನಿಂದಲೇ ಸೀಳುತ್ತದೆ. ಹೊರಗೆ ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ತುಮಕೂರಿನಲ್ಲಿ ಸಮುದ್ರವೇ ಇಲ್ಲ, ಉಪ್ಪು ಎಲ್ಲಿಂದ ಬಂತು ಎಂದು ರುದ್ರಯ್ಯನವರು ತಲೆ ಕೆರೆದುಕೊಂಡರು. ನನಗೆ ತಕ್ಷಣ ಹೊಳೆಯಿತು. ಚರ್ಮದ ಮಂಡಿ ಕೆಡವಿರ್ತಾನೆ ಸಾರ್, ಚರ್ಮಕ್ಕೆ ಉಪ್ಪು ಸವರಿ ಇಡ್ತಾರಲ್ಲ, ಅವರದ್ದೇ ಜನ ಅಲ್ವಾ ಎಂದೆ. ಎಲ್ಲರೂ ಹೌದಲ್ಲ ಎಂದು ತಲೆಯಾಡಿಸಿದರು. ಕ್ರಷರ್ ಆಪರೇಟರ್ ಚಿಕ್ಕರಂಗಯ್ಯನಂತೂ ಮೂಗು ಮುಚ್ಚಿಕೊಂಡ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದೆ. ರುದ್ರಯ್ಯನವರು ಜೋರಾಗಿ ನಕ್ಕರು.

ಬಹಳ ದಿನದ ಮೇಲೆ ಮನಸ್ಸಿಗೆ ಹಗುರ ಎನ್ನಿಸಿತು. ನನ್ನಿಂದಲೂ ಯಾರ್ಡಿಗೆ ಒಂದು ಉಪಕಾರವಾಯಿತು.

ಸೆಪ್ಟೆಂಬರ್ 18, ಶುಕ್ರವಾರ

ಸುಮ್ಮನೆ ಒಬ್ಬರ ಮೇಲೆ ಹೇಳಬಾರದೆಂದು ಇಬ್ಬರ ಲೋಡನ್ನೂ ಮತ್ತೆ ನೋಡಿದೆವು. ಅದೇ ದಿನ, ಅದೇ ಕೈ, ಒಂದೇ ಥರದ ಚೀಲ. ಬೀರಯ್ಯನವರದ್ದರಲ್ಲಿ ಹಳದಿ ಗೆರೆ ಇದೆಯೋ ಇಲ್ಲವೋ ಎನ್ನುವಷ್ಟು. ಸಾಬಿಯದ್ದರಲ್ಲಿ ನೆಟ್ಟಗೆ. ಇನ್ನೇನು ಬೇಕು?

ರುದ್ರಯ್ಯನವರು ಅವನನ್ನು ಕರೆಸಿ ಹೇಳಿದರು. ಅವನು ಕೂರಲಿಲ್ಲ. ಈ ಸಲದ್ದು ಪೂರ್ತಿ ಹಳೇ ಟಾಕೀಸಿನ ಮಾಲು, ಬೇಕಾದರೆ ಜಾಗಕ್ಕೇ ಬಂದು ನೋಡಿ ಎಂದ. ಚರ್ಮದ ಮಂಡಿ ತಾನು ಜನ್ಮದಲ್ಲಿ ಕೆಡವಿಲ್ಲ ಎಂದ. ಮಂಡಿಯ ಮಾತನ್ನು ನಾವು ಅವನ ಮುಂದೆ ಎತ್ತಿಯೇ ಇರಲಿಲ್ಲ, ಅಷ್ಟರಲ್ಲಿ ಅವನ ಕಿವಿಗೆ ಬಿದ್ದಿದೆ. ಟಾಕೀಸು ನೋಡಲು ಯಾರೂ ಹೋಗಲಿಲ್ಲ, ಯಂತ್ರ ಹೇಳಿದ ಮೇಲೆ ನೋಡುವುದೇನು. ಲೋಡು ನಿಲ್ಲಿಸಿದ್ದೇವೆ.

ಹೋಗುವಾಗ ನನ್ನ ಕಡೆ ನೋಡಿದ. ಕೋಪವಿದ್ದ ಹಾಗೆ ಕಾಣಲಿಲ್ಲ. ನನಗೆ ಅದೇ ಕಿರಿಕಿರಿ. ಮನೆಗೆ ಬಂದು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಸೆಪ್ಟೆಂಬರ್ 22, ಮಂಗಳವಾರ

ನಿನ್ನೆ ರಂಜಾನ್ ಹಬ್ಬ. ಹೋದ ವರ್ಷ ಸಾಬಿ ಯಾರ್ಡಿಗೆಲ್ಲ ಶ್ಯಾವಿಗೆ ಪಾಯಸ ಕಳಿಸಿದ್ದ, ನಾನು ಚಿಕ್ಕರಂಗಯ್ಯನಿಗೆ ದಾಟಿಸಿದ್ದೆ. ಈ ಸಲ ಬರಲಿಲ್ಲ. ಬರಬೇಕೆಂದು ನಾನೇನು ಕಾದಿರಲಿಲ್ಲ.

ಸೆಪ್ಟೆಂಬರ್ 26, ಶನಿವಾರ

ನಾಳೆ ಭಾನುವಾರವಾದ್ದರಿಂದ ಇವತ್ತೇ ಆಯುಧಪೂಜೆ ಮುಗಿಸಿದೆವು. ಕ್ರಷರಿಗೆ ಬಾಳೆಕಂಬ, ಲಾರಿಗಳಿಗೆ ನಿಂಬೆಹಣ್ಣು. ಲೇಸರಿಗೆ ಅರಿಶಿನ ಕುಂಕುಮ ಸೋಕಿಸಬೇಡಿ, ಆಮೇಲೆ ಎಲ್ಲ ಕಲ್ಲಿನಲ್ಲೂ ಅರಿಶಿನವೇ ಕಾಣುತ್ತೆ ಎಂದು ರುದ್ರಯ್ಯನವರು ಅಡ್ಡ ನಿಂತರು. ಪಕ್ಕದ ಮೇಜಿಗೆ ಇಟ್ಟು ಕೈಮುಗಿದೆ.

ಕುಂಬಳಕಾಯಿ ಒಡೆದು ಪ್ರಸಾದದ ಚರುಪು ಹಂಚುತ್ತಿರುವಾಗ ದಸ್ತಗೀರ್ ಸಾಬ್ ಬಂದ. ಹೆಗಲ ಟವೆಲ್ಲಿನಲ್ಲಿ ಏನೋ ಸುತ್ತಿ ತಂದಿದ್ದ. ಬಿಚ್ಚಿದರೆ ಕಾಂಕ್ರೀಟಿನ ಚೂರು. ತನ್ನ ಮನೆಯ ಮೋಲ್ಡಿನ ಅಂಚಿನಿಂದ ಒಡೆದು ತಂದದ್ದಂತೆ. ಇದನ್ನೂ ನಿಮ್ಮ ಮಿಷನ್ನಿಗೆ ತೋರಿಸಿ ಎಂದ. ಮಗಳು ಮಲಗುವ ಜಾಗ, ಗೊತ್ತಿಲ್ಲದೆ ಬಿಡೋಕೆ ಆಗಲ್ಲ ಎಂದ.

ಧೂಳು ಹೋಗಲೆಂದು ಚೂರನ್ನು ನಲ್ಲಿ ಕೆಳಗೆ ಚೆನ್ನಾಗಿ ತೊಳೆದೆ. ಯಂತ್ರಕ್ಕೆ ರಜೆ, ಸೋಮವಾರ ವಿಜಯದಶಮಿ, ಇನ್ನು ನೋಡುವುದು ಮಂಗಳವಾರವೇ. ಟವೆಲ್ಲಲ್ಲೇ ಇಟ್ಕೊಳ್ಳಿ ಎಂದ. ಹಾಗೆಲ್ಲ ಇಡುವಂತಿಲ್ಲ, ಎಲ್ಲದಕ್ಕೂ ಒಂದು ರೀತಿ ಇದೆ ಎಂದು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಚೀಟಿ ಬರೆದೆ. ಅವನಿಗೂ ಒಂದು ಎಲೆಯಲ್ಲಿ ಚರುಪು ಕೊಟ್ಟೆ. ತಗೊಂಡ.

ಸೆಪ್ಟೆಂಬರ್ 29, ಮಂಗಳವಾರ

ಅವನ ಮನೆಯ ಚೂರಿನಲ್ಲೂ ಬಂತು. ಇದುವರೆಗೆ ನೋಡಿದ್ದರಲ್ಲೆಲ್ಲ ಉದ್ದದ ಹಳದಿ ಗೆರೆ.

ರುದ್ರಯ್ಯನವರು ಫೋನಿನಲ್ಲಿ ಹೇಳಿದರು. ನನಗೆ ಈ ಕಡೆಯ ಮಾತಷ್ಟೇ ಕೇಳಿಸಿತು. ಇವತ್ತೇ ಬೀಳಲ್ಲ ಸಾಬ್ರೆ, ಏಳೆಂಟು ವರ್ಷದಲ್ಲಿ ಕಂಬಿ ಹೋಗುತ್ತೆ. ಇಲ್ಲ, ಬಣ್ಣ ಬಳಿದರೆ ಆಗಲ್ಲ. ಅದನ್ನ ನಾನು ಹೇಗೆ ಹೇಳ್ಲಿ, ನೀವೇ ಯೋಚನೆ ಮಾಡಿ. ಆಮೇಲೆ ಬಹಳ ಹೊತ್ತು ಆ ಕಡೆಯ ಮಾತು ಕೇಳಿದರು. ಇಟ್ಟ ಮೇಲೆ, ‘ಒಡೀತಾರಂತೆ’ ಎಂದರು.

ಊಟದ ಡಬ್ಬಿ ಹಾಗೇ ವಾಪಸ್ ತಂದೆ. ಮೊದಲೇ ಗೊತ್ತಾದದ್ದು ಒಳ್ಳೆಯದಲ್ಲವಾ ಎಂದು ಇವರು. ಒಳ್ಳೆಯದೇ. ಆದರೂ ಮಂಡಿಯದ್ದಾದರೆ ಏಪ್ರಿಲ್ ಮಾಲಿಗೂ ಅದೇ ಉಪ್ಪು ಹೇಗೆ ಬಂತು? ಎಷ್ಟು ಮಂಡಿ ಇವೆ ತುಮಕೂರಿನಲ್ಲಿ? ಬಸ್ಸಿನಲ್ಲೂ ಹೀಗೇ ಯೋಚಿಸುತ್ತಾ ಬಟವಾಡಿಯಲ್ಲಿ ಇಳಿಯಬೇಕಾದವಳು ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದೆ.

ಅಕ್ಟೋಬರ್ 4, ಭಾನುವಾರ

ಬೆಳಿಗ್ಗೆ ಗುಬ್ಬಿ ಬಸ್ಸು ಹತ್ತಿ ಅಮ್ಮನ ಹತ್ತಿರ ಹೋಗಿದ್ದೆ. ಚೀಲ ಮುಗಿಯುತ್ತಾ ಬಂದಿತ್ತು, ಅದೇ ನೆಪ. ಅಮ್ಮ ಪುಟ್ಟಗಂಗಮ್ಮ ತೋಟದಲ್ಲಿದ್ದಳು. ಮಳೆ ಬಿದ್ದಿದೆ, ತೆಂಗಿನ ಬುಡಕ್ಕೆ ಗೊಬ್ಬರ ಕೊಡುವ ಕಾಲ. ಒಬ್ಬ ಆಳು ಪಾತಿ ಬಿಡಿಸುತ್ತಾ ಹೋಗುತ್ತಿದ್ದ, ಅಮ್ಮ ಹಿಂದೆಯೇ ಸೆರಗು ಕಟ್ಟಿ ಬೊಗಸೆ ಬೊಗಸೆ ಹಾಕುತ್ತಾ ಬರುತ್ತಿದ್ದಳು. ನಾನು ಹುಟ್ಟಿದಾಗಿನಿಂದ ನೋಡಿದ ಕೆಲಸ. ಖಾಲಿಯಾದ ಚೀಲ ಬದುವಿನ ಮೇಲೆ ನೆನೆಯುತ್ತಾ ಬಿದ್ದಿತ್ತು. ನನ್ನ ಕಟ್ಟಿಗೆ ಸೇರಿಸೋಣವೆಂದು ತಿರುವಿ ಒದರಿದೆ.

ಒಡೆದ ಬೆರಳ ತುದಿಗಳು ಚುರ್ ಎಂದು ಉರಿದವು. ಕೈ ಕೊಡವಿದರೂ ಹೋಗಲಿಲ್ಲ. ಬೆರಳು ಬಾಯಿಗಿಟ್ಟುಕೊಂಡೆ.

ಉಪ್ಪು. ಅಮ್ಮ ಬೊಗಸೆಯಲ್ಲಿ ಹಾಕುತ್ತಿದ್ದದ್ದು ಕಲ್ಲುಪ್ಪು. ತೆಂಗಿಗೆ ಉಪ್ಪು ಹಾಕುತ್ತಾರೆಂದು ನಮ್ಮ ಕಡೆ ಯಾವ ಮಗುವಿಗೆ ಗೊತ್ತಿಲ್ಲ? ಆ ಚೀಲಗಳು ಎಲ್ಲ ಮನೆಯ ಅಟ್ಟದಲ್ಲೂ ಇರುತ್ತವೆ, ಅದರಲ್ಲೇ ರಾಗಿ ಕಟ್ಟುತ್ತೇವೆ, ಅದನ್ನೇ ಹಾಸಿ ಹುಣಸೆಹಣ್ಣು ಬಿಡಿಸುತ್ತೇವೆ. ಅದು ಯಾವ ಚೀಲವೆಂದು ಯಾರು ಕೇಳುತ್ತಾರೆ? ಚೀಲ ಚೀಲವೇ. ನಾನೂ ತುಮಕೂರಿಗೆ ಒದರಿ ತಂದೆ. ಒಣಗಿದ ಕಲ್ಲಿಗೆ ಅದು ಅಂಟಲಿಲ್ಲ. ನೀರು ಹೊಡೆಸಿದ ಕಲ್ಲಿಗೆ ಕರಗಿ ಇಳಿಯಿತು. ಅವನ ಮನೆಯ ಚೂರನ್ನಂತೂ ನಾನೇ ತೊಳೆದು, ಒದ್ದೆಯಲ್ಲೇ ಮೂರು ದಿನ ಅದರೊಳಗೆ ಕಟ್ಟಿಟ್ಟೆ.

‘ಯಾಕವ್ವ, ದೆವ್ವ ಕಂಡೋಳಂಗೆ ನಿಂತಿದೀಯ’ ಎಂದಳು ಅಮ್ಮ.

ಊಟ ಮಾಡದೆ ವಾಪಸ್ ಹೊರಟೆ. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದೆ.

ಅಕ್ಟೋಬರ್ 5, ಸೋಮವಾರ

ಅನುಮಾನ ಉಳಿಯಬಾರದು. ಬೀರಯ್ಯನವರ ಒಳ್ಳೆಯ ಕಲ್ಲನ್ನೇ ತಗೊಂಡು ತೊಳೆದೆ. ಒಂದನ್ನು ಸ್ಟೀಲ್ ಡಬ್ಬಿಗೆ, ಇನ್ನೊಂದನ್ನು ಚೀಲಕ್ಕೆ ಹಾಕಿದೆ. ಮಧ್ಯಾಹ್ನ ಕಿಡಿ ಹೊಡೆಸಿದೆ. ಡಬ್ಬಿಯದ್ದರಲ್ಲಿ ಏನೂ ಇಲ್ಲ. ಚೀಲದ್ದರಲ್ಲಿ ನನ್ನ ಹಳೇ ಗೆಳತಿ ಹಳದಿ ಗೆರೆ ಎದ್ದು ನಿಂತಳು.

ರುದ್ರಯ್ಯನವರು ಬೆಂಗಳೂರಿಗೆ ಹೋಗಿದ್ದಾರೆ, ಬುಧವಾರ ರಾತ್ರಿ ಬರುತ್ತಾರೆ. ಸಂಜೆ ಕುಣಿಗಲ್ ಬಸ್ಸು ಸಿಗುತ್ತಿತ್ತು. ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಪೇಪರ್ ಮಡಿಸಿಟ್ಟು ಯೋಚನೆ ಮಾಡಿದರು. ‘ಯಾರಿಗೂ ಗೊತ್ತಿಲ್ಲ ತಾನೆ? ಸಾಹೇಬ್ರು ಬರ್ಲಿ, ಅವ್ರೇ ಹೇಳ್ಲಿ ಬುಡು. ಮಾರ್ಚಲ್ಲಿ ನಿನ್ ಕೆಲ್ಸ ಏನಾಗ್ಬೇಕು ಕಣೇ’ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಎರಡು ದಿನದಲ್ಲಿ ಏನಾಗುತ್ತದೆ? ಚಪ್ಪಲಿ ಮೆಟ್ಟಿದ್ದವಳು ಬಿಟ್ಟು ಒಳಗೆ ಬಂದೆ. ಮತ್ತೆ ಮೆಟ್ಟಿದೆ. ಮತ್ತೆ ಬಿಟ್ಟೆ.

ಅಕ್ಟೋಬರ್ 6, ಮಂಗಳವಾರ

ಬೆಳಿಗ್ಗೆಯಿಂದ ದಸ್ತಗೀರ್ ಸಾಬ್ ಫೋನ್ ಎತ್ತುತ್ತಿಲ್ಲ. ನಾಲ್ಕು ಗಂಟೆಗೆ ಅವನ ಮಗ ಜೀಶಾನ್ ಎತ್ತಿದ. ಅಬ್ಬಾ ಮೇಲಿದಾರೆ ಎಂದ. ಹಿಂದೆ ಸುತ್ತಿಗೆ ಸದ್ದು.

ಇವತ್ತು ಬೆಳಿಗ್ಗೆ ಶುರು ಮಾಡಿದ್ದಾರೆ. ಇವತ್ತೇ.

ನಿಲ್ಸೋಕೆ ಹೇಳಪ್ಪ ಎಂದು ಕೂಗಿದೆ. ಅವನಿಗೆ ಕೇಳಿಸಲಿಲ್ಲವೋ ಏನೋ, ಆಮೇಲೆ ಫೋನ್ ಮಾಡ್ತಾರೆ ಎಂದು ಇಟ್ಟುಬಿಟ್ಟ.

ಅಕ್ಟೋಬರ್ 7, ಬುಧವಾರ

ಮೊದಲ ಬಸ್ಸಿಗೆ ಕುಣಿಗಲ್ಲಿಗೆ ಹೋದೆ. ಮನೆ ಹುಡುಕಬೇಕಾಗಲಿಲ್ಲ, ಸುತ್ತಿಗೆ ಸದ್ದಿನ ಜಾಡು ಹಿಡಿದು ಹೋದೆ. ಗೋಡೆಗಳಿಗೆ ತಿಳಿ ಹಸಿರು ಬಣ್ಣ ಬಳಿದು ಮುಗಿದಿದೆ. ಮುಂದಿನ ಕೋಣೆಯ ಮೇಲೆ ಆಕಾಶ. ಕಂಬಿಗಳು ಕಿತ್ತ ಬುಟ್ಟಿಯ ಹಾಗೆ ನೇತಾಡುತ್ತಿದ್ದವು. ಹಿಂದಿನ ಅರ್ಧ ಹಾಗೇ ಇತ್ತು. ದಸ್ತಗೀರ್ ಸಾಬ್ ಆಳುಗಳ ಜೊತೆ ತಾವೂ ಸುತ್ತಿಗೆ ಹಿಡಿದು ಮೇಲಿದ್ದರು.

ಕೆಳಗಿನಿಂದಲೇ ನಿಲ್ಲಿಸಿ ಎಂದೆ. ಇಳಿದು ಬಂದರು. ಮುಖ, ಗಡ್ಡ, ರೆಪ್ಪೆ ಎಲ್ಲ ಧೂಳು. ಇವತ್ತು ನೀರು ಹೊಡೆಸಿರಲಿಲ್ಲ. ಕುಲ್ಸುಂ ಬೀ ನೆರಳಿಗೆ ಕುರ್ಚಿ ಹಾಕಿದರು. ಹೇಳುವುದನ್ನು ನಿಂತೇ ಹೇಳಿದೆ. ಚೀಲದ್ದು ಹೇಳಿದೆ, ತೆಂಗಿನ ಬುಡದ್ದು ಹೇಳಿದೆ, ಚೂರು ತೊಳೆದದ್ದು ಹೇಳಿದೆ. ನಿಮ್ಮ ಮೋಲ್ಡಿನಲ್ಲಿ ಏನೂ ಇರಲಿಲ್ಲ ಸಾಬ್ರೆ ಎಂದೆ. ಸೋಮವಾರವೇ ನನಗೆ ಗೊತ್ತಾಗಿತ್ತು, ಅವತ್ತೇ ಬಂದಿದ್ದರೆ ಇದು ಉಳಿಯುತ್ತಿತ್ತು ಎಂಬುದನ್ನೂ ಹೇಳಿದೆ. ಅದನ್ನು ನುಂಗಿಕೊಳ್ಳಬಹುದಿತ್ತು, ಬಾಯಿಗೆ ಬಂದುಬಿಟ್ಟಿತು.

ಅವರು ಬೈಯಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮೇಲಿದ್ದ ಆಳುಗಳಿಗೆ ಇಳಿಯಲು ಸನ್ನೆ ಮಾಡಿದರು. ಆಮೇಲೆ ಕೇಳಿದರು.

‘ಉಪ್ಪು ಅಂತ ಮಿಷನ್ ಹೇಳ್ತು, ಸರಿ. ಮಂಡಿದು ಅಂತ ಯಾರಮ್ಮ ಹೇಳಿದ್ದು? ಅದ್ನೂ ಮಿಷನ್ನೇ ಹೇಳ್ತಾ?’

ಹಿಂದಿನ ಅರ್ಧವನ್ನಾದರೂ ಉಳಿಸಿಕೊಳ್ಳಿ ಎಂದೆ. ಹಾಗೆ ಬೆಸೆಯಲು ಬರುವುದಿಲ್ಲ, ಬೆಸೆದರೆ ಅದೇ ಜಾಗದಲ್ಲಿ ಸೋರುತ್ತದೆ, ಪೂರ್ತಿ ಇಳಿಸಿ ಮತ್ತೆ ಹಾಕಬೇಕು ಎಂದರು. ನವೆಂಬರಿಗೆ ಆಗುತ್ತಾ ಎಂದರೆ ಕುಲ್ಸುಂ ಬೀ ಇಲ್ಲ ಎಂದು ತಲೆಯಾಡಿಸಿದರು.

ಹೊರಡುವಾಗ ಕುಲ್ಸುಂ ಬೀ ಟೀ ತಂದರು. ಪ್ಲಾಸ್ಟಿಕ್ ಲೋಟದಲ್ಲಿತ್ತು. ‘ಭಟ್ರ ಹೋಟ್ಲಿಂದ ತರ್ಸಿದೀನಮ್ಮ, ಪರ್ವಾಗಿಲ್ಲ ಕುಡೀರಿ’ ಎಂದರು. ಅಷ್ಟು ಮರ್ಯಾದೆಯಿಂದ ಹೇಳಿದರು. ಲೋಟ ಬಿಸಿಯಾಗಿ ಬೆರಳು ಸುಡುತ್ತಿತ್ತು. ಒಂದೇ ಗುಟುಕು ಕುಡಿದು ಕೆಳಗಿಟ್ಟೆ. ಯಾಕೋ ಬಸ್ಸಿನಲ್ಲಿ ಅಳು ಬಂತು, ಪಕ್ಕದವಳು ತವರಿಂದ ಬಂದ್ರಾ ಎಂದು ಕೇಳಿದಳು.

ಅಕ್ಟೋಬರ್ 9, ಶುಕ್ರವಾರ

ರುದ್ರಯ್ಯನವರಿಗೆ ಹೇಳಿದೆ. ಮೊದಲು ನಂಬಲಿಲ್ಲ, ತಾವೇ ಡಬ್ಬಿ ಚೀಲ ಎರಡೂ ಮಾಡಿ ನೋಡಿದರು. ನೋಡಿ ಕುರ್ಚಿಯಲ್ಲಿ ಕೂತುಬಿಟ್ಟರು. ಚೀಲ ನಾನೂ ನೋಡಿದ್ದೆ, ಹೊಗಳಿದ್ದೂ ನಾನೇ ಎಂದರು. ಸಂಸ್ಥೆಗೆ ಬರೆಯುತ್ತಾರಂತೆ, ನನ್ನ ಹೆಸರು ಬರೆಯಬೇಕಾಗುತ್ತದಂತೆ. ಬರೆಯಿರಿ ಎಂದೆ. ಮಾರ್ಚಿನ ಮಾತು ಇಬ್ಬರೂ ಎತ್ತಲಿಲ್ಲ. ಬೆಲ್ಟಿನ ಮೇಲೆ ಗಾಜಿನ ಪೆಟ್ಟಿಗೆ ಮಾಡಿಸಿ, ಗಾಳಿ ಊದುವ ಪೈಪು ಇಟ್ಟು, ಯಂತ್ರವನ್ನು ಅಲ್ಲಿಗೇ ಒಯ್ಯುತ್ತಾರೆ. ಇನ್ನು ಚೀಲವೂ ಬೇಡ, ನನ್ನ ಕೈಯೂ ಬೇಡ.

ಚೀಲಗಳ ಕಟ್ಟನ್ನು ಗೇಟಿನಾಚೆ ಎಸೆದೆ.

ನವೆಂಬರ್ 5, ಗುರುವಾರ

ದಸ್ತಗೀರ್ ಸಾಬರ ಮನೆಯ ಮಾಲು ಬಂತು. ಅದೇ ಮೋಲ್ಡು, ಪೂರ್ತಿ. ಲೋಡಿನ ಮೇಲೆ ಹಸಿರು ಬಣ್ಣದ ಗಾರೆಯ ಚೂರುಗಳೂ ಇದ್ದವು. ಇದನ್ನೇ ಜಲ್ಲಿ ಮಾಡಿ ವಾಪಸ್ ಕೊಡಿ, ಮತ್ತೆ ಇದನ್ನೇ ಹಾಕುತ್ತೇನೆ ಎಂದು ಅವರು ರುದ್ರಯ್ಯನವರಿಗೆ ಹೇಳಿ ಕಳಿಸಿದ್ದರು. ತಾವೂ ಲಾರಿಯಲ್ಲಿ ಬಂದಿದ್ದರು.

ಲಾರಿ ಹಿಂದಕ್ಕೆ ಬರುತ್ತಿದ್ದ ಹಾಗೆ ಚಿಕ್ಕರಂಗಯ್ಯ ಕ್ರಷರ್ ಮೇಲಿನಿಂದ, ಮಂಡಿ ಮಾಲು ಬಂತು, ಬೆಲ್ಟ್ ಬಿಡ್ರಪ್ಪೋ ಎಂದು ಕೂಗಿದ. ಅವನಿಗೆ ಅದರಲ್ಲಿ ಯಾವ ಕೆಟ್ಟ ಉದ್ದೇಶವೂ ಇಲ್ಲ, ಎರಡು ತಿಂಗಳಿಂದ ಅದೇ ಹೆಸರು. ಹತ್ತಿ ಹೋಗಿ ಹಾಗನ್ನಬೇಡ ಎಂದೆ.

‘ನೀವೇ ಅಲ್ವಾ ಅಕ್ಕ ಅಂದಿದ್ದು’ ಎಂದ.

ಬೆಲ್ಟಿನ ಮೇಲೆ ಅವರ ಮನೆ ಹರಿದು ಬಂತು. ಪಟಪಟನೆ ಕಿಡಿಗಳು. ಗೆರೆಗಳು ಏಳುತ್ತಾ ಬೀಳುತ್ತಾ ಹೋದವು. ಸುಣ್ಣ, ಮರಳು, ಸುಣ್ಣ, ಮರಳು. ಹಳದಿಯ ಜಾಗದಲ್ಲಿ ಕೊನೆಯವರೆಗೂ ಏನೂ ಏಳಲಿಲ್ಲ. ನಾನು ಕಂಪ್ಯೂಟರ್ ಬಿಟ್ಟು ಅಲುಗಾಡಲಿಲ್ಲ. ಸಾಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಬನ್ನಿ ಎಂದು ಕೂರಿಸಿದೆ. ಟೀ ಮಾಡಿ ಕೊಟ್ಟೆ, ನಾನೂ ಕುಡಿದೆ. ಎರಡು ಲೋಟವನ್ನೂ ತೊಳೆದು ಬೋರಲು ಹಾಕಿದೆ.

ಉಪ್ಪಾದರೆ ನೀರಿಗೆ ತೊಳೆದುಹೋಗುತ್ತದೆ. ಚಿಕ್ಕರಂಗಯ್ಯನ ಬಾಯಿಂದ ಆ ಮಾತನ್ನು ಹೇಗೆ ತೆಗೆಯುವುದೆಂದು ತಿಳಿಯುತ್ತಿಲ್ಲ.

ನವೆಂಬರ್ 22, ಭಾನುವಾರ

ಕುಣಿಗಲ್ಲಿನಲ್ಲಿ ಇವತ್ತು ಮೋಲ್ಡ್ ಹಾಕಿದರು. ಯಾರೂ ಕರೆದಿರಲಿಲ್ಲ, ರುದ್ರಯ್ಯನವರಿಂದ ದಿನ ತಿಳಿದುಕೊಂಡು ಹೋದೆ. ಯಾಕೆ ಹೋಗ್ತೀಯ ಎಂದು ಇವರು ಕೇಳಿದರು. ಗೊತ್ತಿಲ್ಲ ಎಂದೆ.

ಶಾಹೀನ್‌ಗೆ ಹೋದ ವಾರ ಹೆಣ್ಣುಮಗು. ಎದುರಿನ ಗಲ್ಲಿಯ ಹಳೇ ಬಾಡಿಗೆ ಮನೆಯಲ್ಲೇ ಬಾಣಂತನ. ಬಗ್ಗಿ ಒಳಗೆ ಹೋಗಿ ನೋಡಿ ಬಂದೆ. ಒಂದೇ ಕಿಟಕಿ, ಶೀಟಿನ ಮಾಡು, ಮಗು ಬೆವರುತ್ತಾ ಮಲಗಿತ್ತು. ಇದು ನನ್ನ ಕೆಲಸ. ಹೊಸ ಮನೆಯಲ್ಲಿ ಮಲಗಬೇಕಾಗಿದ್ದ ಕೂಸು.

ಮಿಕ್ಸರ್ ತಿರುಗುತ್ತಿತ್ತು. ಮೊದಲ ಬಾಂಡ್ಲಿಯನ್ನು ಕುಲ್ಸುಂ ಬೀ ಕೈಯಿಂದ ಹಾಕಿಸಿದರು. ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನಾನು ಜಲ್ಲಿ ರಾಶಿಯ ಪಕ್ಕ ನಿಂತಿದ್ದೆ. ಸೆಂಟ್ರಿಂಗಿನ ಮೇಸ್ತ್ರಿ ಏಕಾಂತಯ್ಯ, ತುಮಕೂರು ಕಡೆಯವನು, ಒಂದು ಹಿಡಿ ಜಲ್ಲಿ ಎತ್ತಿ ನೋಡುತ್ತಾ ಕೇಳಿದ.

‘ಸಾಬ್ರೆ, ಇದೇನಾ ಆ ಮಂಡಿ ಜಲ್ಲಿ? ಉಪ್ಪಿಂದು ಅಂತಿದ್ರು.’

ಸಾಲು ನಿಂತುಹೋಯಿತು. ಮಾತು ನಮ್ಮ ಯಾರ್ಡಿನಿಂದ ಇಲ್ಲಿಯವರೆಗೂ ಬಂದಿದೆ. ದಸ್ತಗೀರ್ ಸಾಬರು ಬಾಂಡ್ಲಿ ಹಿಡಿದುಕೊಂಡೇ ನನ್ನ ಕಡೆ ನೋಡಿದರು. ಅವತ್ತು ಯಾರ್ಡಿನಿಂದ ಹೊರಟಾಗ ನೋಡಿದ್ದ ಹಾಗೇ.

‘ಮಂಡಿದಲ್ಲ’ ಎಂದೆ. ಮಿಕ್ಸರ್ ಸದ್ದಿಗೆ ಕೇಳಿಸಲಿಲ್ಲ. ಆಫ್ ಮಾಡಿ ಎಂದೆ. ಮಾಡಿದರು. ‘ಇದು ಈ ಮನೆದೇ ಮೋಲ್ಡು. ಮಿಷನ್ ಕೆಳಗೆ ಪೂರ್ತಿ ನೋಡಿದೀನಿ, ಚಿಟಿಕೆ ಉಪ್ಪಿಲ್ಲ. ಉಪ್ಪಿದ್ದದ್ದು ಚೀಲದಲ್ಲಿ. ಚೀಲ ನಮ್ಮಮ್ಮನ ತೋಟದ್ದು. ಮಂಡಿ ಅನ್ನೋ ಮಾತು ನಂದು. ಸಾಬ್ರು ಯಾವ ಮಂಡೀನೂ ಕೆಡವಿಲ್ಲ, ನಾನು ಬಾಯಿಗೆ ಬಂದಂಗೆ ಅಂದೆ.’

ಅಷ್ಟು ಜನರ ಮುಂದೆ ನಾನು ಎಂದೂ ಮಾತಾಡಿದವಳಲ್ಲ. ಏಕಾಂತಯ್ಯ ಜಲ್ಲಿಯನ್ನು ರಾಶಿಗೆ ಹಾಕಿ ಕೈ ಕೊಡವಿಕೊಂಡ. ಮಿಕ್ಸರ್ ಮತ್ತೆ ಶುರುವಾಯಿತು. ಸಾಬರು ತಮ್ಮ ಕೈಯಲ್ಲಿದ್ದ ಬಾಂಡ್ಲಿಯನ್ನು ಮುಂದಿನವನಿಗೆ ಕೊಡದೆ ನನ್ನ ಕಡೆ ಚಾಚಿದರು. ಬಹಳ ಭಾರವಿತ್ತು. ದಾಟಿಸಿದೆ. ಇನ್ನೊಂದು ಬಂತು. ಊಟದ ಹೊತ್ತಿನವರೆಗೂ ಸಾಲಿನಲ್ಲೇ ನಿಂತಿದ್ದೆ.

ಕುಲ್ಸುಂ ಬೀ ಬಂದು, ಹೋಟ್ಲಿಂದ ಟೀ ತರಿಸ್ಲೇನಮ್ಮ ಎಂದು ಕೇಳಿದರು. ಮನೇದೇ ಕೊಡಿ ಎಂದೆ. ಎಲ್ಲರ ಜೊತೆ ಗಾಜಿನ ಲೋಟದಲ್ಲಿ ಕೊಟ್ಟರು. ಸಕ್ಕರೆ ಜಾಸ್ತಿ. ಇನ್ನರ್ಧ ಲೋಟ ಹಾಕಿಸಿಕೊಂಡೆ.

ಸಂಜೆ ತುಮಕೂರಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತದ್ದಷ್ಟೇ ನೆನಪು. ಕಂಡಕ್ಟರ್ ಭುಜ ತಟ್ಟಿ, ಏಳಿ ಅಕ್ಕ, ಬಸ್‌ಸ್ಟ್ಯಾಂಡ್ ಬಂತು ಎಂದು ಎಬ್ಬಿಸಿದ.